ಬೈಕ್ ಮೇಡಂ

ನಮ್ಮ ಹಳೆಯ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಒಂದು ಸಾಲಿನಿಂದ ಸುದ್ದಿ ತಿಳಿಯಿತು: "ಬೈಕ್ ಮೇಡಂ ಹೋಗ್ಬಿಟ್ರಂತೆ." ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಮೇಲೆ ಯಾರದೋ ಹುಟ್ಟುಹಬ್ಬದ ಶುಭಾಶಯ, ಕೆಳಗೆ ಯಾರದೋ ಗೃಹಪ್ರವೇಶದ ಫೋಟೊ, ನಡುವೆ ಮೇಡಂ ಸಾವು. ಸಂಜೆಯ ಹೊತ್ತಿಗೆ ಗುಂಪು ಬೇರೆ ಮಾತಿಗೆ ಹೊರಳಿತ್ತು. ಅಷ್ಟೂ ಸಂದೇಶಗಳಲ್ಲಿ ಒಬ್ಬರೂ ಅವರ ಹೆಸರು ಬರೆದಿರಲಿಲ್ಲ. ನಾನೂ ಬರೆಯುವುದಿಲ್ಲ. ಅವರಿದ್ದಾಗಲೂ ಆ ಹೆಸರು ಕಾಲೇಜಿನ ವೇಳಾಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಮೇಡಂ ನಮಗೆ ಭೂವಿಜ್ಞಾನ ಹೇಳಿಕೊಡುತ್ತಿದ್ದರು. ಯಲಹಂಕದ ಕಡೆಯ ಕಾಲೇಜು. ನಮ್ಮಲ್ಲಿ ಬಹುಪಾಲು ಜನ ಬೇರೆ ವಿಷಯಕ್ಕೆ ಸೀಟು ಸಿಗದೆ ಅದಕ್ಕೆ ಬಂದವರು. ಮೇಡಂ ಊರು ಬಾಗಲಕೋಟೆಯ ಕಡೆ. ಮದುವೆಯಾಗಿ ಬೆಂಗಳೂರಿಗೆ ಬಂದು, ಗಂಡ ಪೀಣ್ಯದ ಕಾರ್ಖಾನೆಗೆ, ತಾವು ಕಾಲೇಜಿಗೆ ಅಂತ ಬಾಗಲಗುಂಟೆಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದರು. ಮಕ್ಕಳಾಗಲಿಲ್ಲ. ಗಂಡ ಒಂದು ದಿನ ಕೆಲಸದಲ್ಲಿದ್ದಾಗಲೇ ಎದೆನೋವು ಬಂದು ತೀರಿಕೊಂಡರು. ಅವರ ಬೈಕ್ ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತ ನಿಂತಿತ್ತು.

"ಮಾರ್ಬೇಕಂತ ಒಬ್ಬನ್ನ ಕರೆಸಿದ್ದೆ," ಎಂದು ಒಮ್ಮೆ ಲ್ಯಾಬಿನಲ್ಲಿ ಹೇಳಿದ್ದರು. "ಆತ ಬಂದು ಕಿಕ್ ಹೊಡದ. ಆ ಸಪ್ಪಳ ಕೇಳಿದ್ದ ತಡ, ಕೊಡೂದಿಲ್ಲ ಹೋಗಪ್ಪಾ ಅಂದೆ. ಕೊಡೂದಿಲ್ಲ ಅಂದ ಮ್ಯಾಲ ಓಡಸಾಕ ಕಲೀಬೇಕಲ್ಲ?"

ಕಲಿತರು. ಬಾಗಲಗುಂಟೆಯ ಖಾಲಿ ಸೈಟುಗಳ ನಡುವೆ ಬಿದ್ದು, ಎದ್ದು, ಮೊಣಕೈ ತರಚಿಸಿಕೊಂಡು ಕಲಿತರು. ನಲವತ್ತು ದಾಟಿದ ಹೆಂಗಸು, ಚೂಡಿದಾರದ ಮೇಲೆ ಗಂಡನ ಖಾಕಿ ಜರ್ಕಿನ್ ಹಾಕಿಕೊಂಡು, ಹಿಂದೆ ಕಲ್ಲುಗಳು ತುಂಬಿದ ಕ್ಯಾನ್ವಾಸ್ ಚೀಲ ಕಟ್ಟಿಕೊಂಡು ದಿನಾ ಕಾಲೇಜಿಗೆ ಬರುತ್ತಿದ್ದರು. ಗೇಟಿನ ಹತ್ತಿರ ಆ ಸದ್ದು ಕೇಳಿದರೆ ಕ್ಯಾಂಟೀನಿನಲ್ಲಿ ಕೂತವರು ಗ್ಲಾಸು ಅಲ್ಲೇ ಬಿಟ್ಟು ಎದ್ದು ಓಡುತ್ತಿದ್ದೆವು. ತಡವಾದವರನ್ನು ಅವರು ಒಳಗೆ ಬಿಡುತ್ತಿರಲಿಲ್ಲ.

ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ನಮ್ಮ ಕ್ಲಾಸ್ ರೆಪ್ ಗಿರೀಶ ಮೊದಲ ವಾರವೇ ಒಂದು ಕಲ್ಲು ಎತ್ತಿ ತೋರಿಸಿ, "ಇದೇನೂ ಇಲ್ಲ ಮೇಡಂ, ಸುಮ್ನೆ ಕಲ್ಲು," ಅಂದುಬಿಟ್ಟ. ಮೇಡಂ ಅವನ ಕೈಯಿಂದ ಕಲ್ಲು ಕಸಿದುಕೊಂಡು, ಬಾಟಲಿಯ ನೀರು ಸುರಿದು ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಹಿಡಿದರು. ಬೂದು ಕಲ್ಲಿನೊಳಗೆ ಗುಲಾಬಿ ಎಳೆಗಳು ಎದ್ದು ಕಂಡವು.

"ಸುಮ್ನ ಕಲ್ಲು ಅಂತ ಯಾವ್ದೂ ಇರೂದಿಲ್ಲಪಾ. ಸುಮ್ನ ಮನುಷ್ಯಾರು ಇರ್ತಾರ," ಎಂದು ಅವನ ಮುಖ ನೋಡಿದರು. ಆ ವರ್ಷವೆಲ್ಲ ಗಿರೀಶನನ್ನು ನಾವು 'ಸುಮ್ನೆ' ಅಂತಲೇ ಕರೆದೆವು.

ಶುಕ್ರವಾರ ಲ್ಯಾಬ್ ಮಧ್ಯಾಹ್ನದವರೆಗೂ ಎಳೆಯುತ್ತಿತ್ತು. ಅವತ್ತು ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿ ಪುಡಿ ತರುತ್ತಿದ್ದರು. ಹಂಚಿ ತಿನ್ನಬೇಕು, ಆದರೆ ಕಲ್ಲು ಮುಟ್ಟಿದ ಕೈ ತೊಳೆಯದೆ ಯಾರಾದರೂ ರೊಟ್ಟಿಗೆ ಕೈ ಹಾಕಿದರೆ ಬೆರಳಿನ ಗೆಣ್ಣಿಗೆ ಸ್ಕೇಲಿನಿಂದ ಒಂದು ಬೀಳುತ್ತಿತ್ತು. ಡಿಗ್ರಿ ಓದುವವರಿಗೆ ಹೊಡೆಯಬಾರದು ಅಂತ ಅವರಿಗೆ ಯಾರೂ ಹೇಳಿದ ಹಾಗಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ.

ನಾವು ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಮೇಡಂ ಬದಲಾಗಿದ್ದರು. ಕಾರಿಡಾರಿನಲ್ಲಿ ಪಕ್ಕದಿಂದ ನಮಸ್ಕಾರ ಅಂದರೆ ತಿರುಗಿ ನೋಡುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಇನ್ನೊಬ್ಬ ಮೇಷ್ಟರು ಚಾಚಿದ ಕೈ ಚಾಚಿದ ಹಾಗೇ ಉಳಿದದ್ದನ್ನು ನಾನೇ ಕಂಡಿದ್ದೆ. "ಮೇಡಂಗೆ ಧಿಮಾಕು ಜಾಸ್ತಿ ಆಯ್ತು ಕಣೇ, ನಾವೆಲ್ಲ ಕಣ್ಣಿಗೇ ಕಾಣಲ್ಲ," ಎಂದು ಗಿರೀಶ ಹೇಳುತ್ತಿದ್ದ. ಬೈಕೂ ಕಾಣದಾಯಿತು. ಕೇಳಿದರೆ, ರಿಪೇರಿಗೆ ಬಿಟ್ಟೀನಿ ಅನ್ನುತ್ತಿದ್ದರು. ರಿಪೇರಿ ತಿಂಗಳುಗಟ್ಟಲೆ ನಡೆಯಿತು.

ಆ ವರ್ಷವೇ ನಾನು ಬೈಕ್ ತೆಗೆದುಕೊಳ್ಳಲು ಹೊರಟದ್ದು. ನಮ್ಮ ಮನೆ ಆರ್.ಟಿ. ನಗರದ ಹಳೆಯ ಬಡಾವಣೆಯಲ್ಲಿ. ಅಲ್ಲಿಂದ ಕಾಲೇಜಿಗೆ ಎರಡು ಬಸ್ಸು. ಅಪ್ಪ ಗಾಡಿ ಕೊಡಿಸಲು ಒಪ್ಪಿದ್ದರು, ಆದರೆ ಅವರ ಮನಸ್ಸಿನಲ್ಲಿದ್ದದ್ದು ಸ್ಕೂಟರ್. "ಹುಡುಗೀರು ಓಡ್ಸೋ ಗಾಡಿ ತಗೋ. ಬೈಕ್ ಅಂತೆ, ಬೈಕು," ಅನ್ನುತ್ತಿದ್ದರು. ನಾನು ಹಟ ಹಿಡಿದೆ. ಕೊನೆಗೆ ಅಪ್ಪ, "ಬೈಕ್ ಗೊತ್ತಿರೋ ದೊಡ್ಡವರ‍್ಯಾರಾದ್ರೂ ಜೊತೇಲಿ ಬಂದು ನೋಡ್ಲಿ, ಆಮೇಲೆ ಹೇಳ್ತೀನಿ," ಎಂದು ತಪ್ಪಿಸಿಕೊಂಡರು. ಅವರಿಗೆ ಗೊತ್ತಿದ್ದ ದೊಡ್ಡವರು ಯಾರೂ ನನ್ನ ಪರ ಬರುವವರಲ್ಲ. ನನಗೆ ಗೊತ್ತಿದ್ದವರು ಒಬ್ಬರೇ.

ಕ್ಲಾಸ್ ಮುಗಿದ ಮೇಲೆ ಹೋಗಿ ಕೇಳಿದೆ. ಮೇಡಂ ಕಲ್ಲುಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಕೈಯಲ್ಲಿದ್ದ ಕಲ್ಲನ್ನು ಮತ್ತೆ ಮೇಜಿನ ಮೇಲಿಟ್ಟರು.

"ರವಿವಾರ ನಿಮ್ಮನ್ನೆಲ್ಲ ಫೀಲ್ಡಿಗೆ ಕರ್ಕೊಂಡು ಹೋಗೂದೈತಿ. ಶನಿವಾರ ಆದೀತು. ಬರ್ತೀನಿ ಬಾ."

ಶನಿವಾರ ಬೆಳಿಗ್ಗೆ ನಾಗಸಂದ್ರ ಮೆಟ್ರೊ ನಿಲ್ದಾಣದ ಕೆಳಗೆ ಕಾಯುತ್ತಿದ್ದೆ. ಮೇಡಂ ಆಟೊದಲ್ಲಿ ಬಂದಿಳಿದರು. ತುಮಕೂರು ರಸ್ತೆಯ ಸರ್ವಿಸ್ ರೋಡಿನಲ್ಲಿ ನಡೆಯುವಾಗ ನನ್ನ ತೋಳು ಹಿಡಿದುಕೊಂಡರು. ಸ್ಕೇಲಿನಿಂದ ಹೊಡೆಯುವ ಮೇಡಂ ಹಾಗೆ ತೋಳು ಹಿಡಿದದ್ದು ನನಗೆ ಹೆಮ್ಮೆಯಾಗಿತ್ತು.

ಮೊದಲ ಶೋರೂಮಿನವನು ನಮ್ಮಿಬ್ಬರನ್ನು ಕಂಡವನೇ ಸ್ಕೂಟರುಗಳ ಸಾಲಿಗೆ ನಡೆದ. "ಮಗಳಿಗಾ ಮೇಡಂ? ಪಿಂಕ್ ಕಲರ್ ಈ ವಾರಾನೇ ಬಂದಿದೆ."

"ಆಕಿಗೆ ಗೇರ್ ಗಾಡಿ ಬೇಕಾಗೈತಿ," ಎಂದರು ಮೇಡಂ.

"ಗೇರ್ ಗಾಡಿ ವೇಟ್ ಇರತ್ತೆ ಮೇಡಂ. ಹೆಣ್ಮಕ್ಳಿಗೆ ಕಷ್ಟ ಆಗತ್ತೆ."

"ಹೌದೇನು? ಹತ್ತು ವರ್ಷ ಆತು ಓಡಸಾಕತ್ತಿ, ನನಗ್ಯಾರೂ ಹೇಳೇ ಇಲ್ಲ ನೋಡು," ಎಂದು ಹೊರಗೆ ಹೊರಟೇಬಿಟ್ಟರು. ಹೊರಡುವಾಗ ಬಾಗಿಲ ಪಕ್ಕದ ಹೆಲ್ಮೆಟ್ ಸ್ಟ್ಯಾಂಡಿಗೆ ಭುಜ ತಾಗಿ, ಹೆಲ್ಮೆಟ್‌ಗಳೆಲ್ಲ ನೆಲದ ಮೇಲೆ ಉರುಳಾಡಿದವು. ಸಿಟ್ಟಿನ ಭರದಲ್ಲಿ ತಾಗಿತು ಅಂದುಕೊಂಡೆ. ಒಳಗೊಳಗೇ ಖುಷಿಯೂ ಪಟ್ಟೆ.

ಎರಡನೆಯ ಶೋರೂಮಿನಲ್ಲಿ ನನಗೆ ಒಂದು ಕಪ್ಪು ಬೈಕ್ ಹಿಡಿಸಿತು. ಮೇಡಂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಎಂಜಿನ್ನಿನ ಮೇಲಿದ್ದ ಸಣ್ಣಕ್ಷರದ ಚೀಟಿಯನ್ನು ಕನ್ನಡಕವಿಲ್ಲದೆ ಗಡಗಡ ಓದಿದರು. ಅದೇ ಹೊತ್ತಿಗೆ ಅಂಗಡಿಯವನು ಬಲಗಡೆಯಿಂದ ಕಾಫಿ ಲೋಟ ಚಾಚಿ, "ತಗೊಳ್ಳಿ ಮೇಡಂ, ತಗೊಳ್ಳಿ," ಅನ್ನುತ್ತ ನಿಂತಿದ್ದ. ಮೇಡಂ ಅದು ಯಾರಿಗೋ ಹೇಳಿದ ಮಾತೆನ್ನುವ ಹಾಗೆ ಕೂತೇ ಇದ್ದರು. ಕೊನೆಗೆ ನಾನೇ ಲೋಟ ಇಸಿದುಕೊಂಡು ಅವರ ಮುಖದ ಮುಂದೆ ಹಿಡಿದೆ. ಬೆಚ್ಚಿಬಿದ್ದರು. ಅಷ್ಟು ಸಣ್ಣ ಅಕ್ಷರ ಕಾಣುವ ಕಣ್ಣಿಗೆ ಮಗ್ಗುಲಲ್ಲಿ ನಿಂತ ಮನುಷ್ಯ ಕಾಣಲಿಲ್ಲ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಓಡಿಸಿ ನೋಡಿ ಎಂದು ಕೀಲಿ ಕೊಟ್ಟಾಗ ಅವರು ತೆಗೆದುಕೊಳ್ಳಲಿಲ್ಲ. "ನೀನ ಓಡಸು. ನಾ ಹಿಂದ ಕೂಡ್ತೀನಿ."

ಸರ್ವಿಸ್ ರೋಡಿನಲ್ಲಿ ಒಂದು ಸುತ್ತು ಹೊರಟೆವು. ಅವರ ಕೈ ನನ್ನ ಭುಜವನ್ನು ಇಕ್ಕಳದ ಹಾಗೆ ಹಿಡಿದಿತ್ತು. ಪಕ್ಕದಲ್ಲಿ ಲಾರಿ ಹಾರ್ನ್ ಹೊಡೆದಾಗಲೆಲ್ಲ ಬಿಗಿಯಾಗುತ್ತಿತ್ತು.

"ಕನ್ನಡಿ ನೋಡು. ಮುಂದಿನ್ದು ಹೆಂಗೂ ಕಾಣ್ತೈತಿ. ಮಗ್ಗಲಕ ಯಾರದಾರ ನೋಡು, ಅದನ್ನ ಮೊದ್ಲು ನೋಡು," ಎಂದು ಹೇಳುತ್ತಲೇ ಇದ್ದರು. ವಾಪಸ್ ಬಂದು ಇಳಿದಾಗ ಅವರ ಹಣೆ ಬೆವರಿತ್ತು.

"ಚಲೋ ಓಡಸ್ತಿ. ಇದನ್ನ ತಗೊ. ನಿಮ್ಮಪ್ಪಗ ನಾ ಹೇಳ್ತೀನಿ."

ನಾನು ಅಪ್ಪನಿಗೆ ಕಳಿಸಲು ಬೈಕಿನ ಫೋಟೊ ತೆಗೆಯುತ್ತಿದ್ದೆ. ಆಗ ಮೇಡಂ ಅಂಗಡಿಯವನ ಹತ್ತಿರ ದನಿ ಇಳಿಸಿ ಕೇಳಿದ್ದು ಕಿವಿಗೆ ಬಿತ್ತು: ಹಳೆಯ ಗಾಡಿ ಇದ್ದರೆ ತೆಗೆದುಕೊಳ್ಳುತ್ತೀರಾ?

"ಎಕ್ಸ್‌ಚೇಂಜಾ ಮೇಡಂ? ನೀವೂ ಹೊಸ ಗಾಡಿ ತಗೋತೀರಾ?"

"ಇಲ್ಲ," ಎಂದರು ಮೇಡಂ. "ಕೊಡೂದಷ್ಟ."

ಮರುದಿನ ಬೆಳಿಗ್ಗೆ ಕಾಲೇಜಿನ ವ್ಯಾನು ಹೆಬ್ಬಾಳದಲ್ಲಿ ನಮ್ಮನ್ನೆಲ್ಲ ಹತ್ತಿಸಿಕೊಂಡು ಹೊರಟಿತು. ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೆ ಬಿಟ್ಟು ಒಳಗೆ ಹೋದರೆ ಒಂದು ಹಳೆಯ ಕಲ್ಲು ಕ್ವಾರಿ. ಕೆಲಸ ನಿಂತು ಎಷ್ಟೋ ಕಾಲವಾಗಿತ್ತು. ಕೊರೆದ ಗುಂಡಿಯಲ್ಲಿ ಹಸಿರು ನೀರು ನಿಂತಿತ್ತು. ಸುತ್ತ ಬೇಲಿ ಇರಲಿಲ್ಲ.

ಇಳಿದ ಕೂಡಲೇ ಮೇಡಂ ನನ್ನನ್ನು ಕರೆದು, "ನೀ ಇವತ್ತ ನನ್ನ ಎಡಕ್ಕ ಇರು, ತಂಗಿ," ಎಂದರು. ಯಾಕೆಂದು ಕೇಳಲಿಲ್ಲ. ಹಿಂದಿನ ದಿನದ ಸಲಿಗೆ ಅಂದುಕೊಂಡು ಅವರ ಪಕ್ಕದಲ್ಲೇ ನಡೆದೆ.

ಆ ಬೆಳಿಗ್ಗೆ ಅವರು ಮಾಡಿದಂಥ ಪಾಠ ಮತ್ತೆಲ್ಲೂ ಕೇಳಲಿಲ್ಲ. ಬೂದು ಬಂಡೆಯ ನಡುವೆ ಗೋಡೆಯ ಹಾಗೆ ಒಂದು ಕಪ್ಪು ಕಲ್ಲಿನ ಪಟ್ಟಿ ನುಗ್ಗಿತ್ತು. ಗಿರೀಶನಿಗೆ ಕಣ್ಣು ಮುಚ್ಚಲು ಹೇಳಿ, ಅವನ ಬೆರಳನ್ನು ಪಟ್ಟಿಯ ಅಂಚಿನಿಂದ ನಡುವಿನವರೆಗೆ ಸವರಿಸಿದರು.

"ಏನ್ ಹತ್ತತೈತಿ ಕೈಗೆ?"

"ಅಂಚಲ್ಲಿ ನುಣ್ಣಗಿದೆ ಮೇಡಂ. ಮಧ್ಯ ತರಿತರಿ."

"ಹೂಂ. ಕೆಳಗಿಂದ ಕುದಕೋತ ಬಂದದ್ದಿದು. ಅಂಚಿನ್ಯಾಗ ತಣ್ಣನ ಬಂಡಿಗಲ್ಲು ತಾಗಿ ಲಗೂನ ಆರ್ತು, ಹರಳು ಬೆಳ್ಯಾಕ ಪುರಸೊತ್ತು ಸಿಗ್ಲಿಲ್ಲ. ನಡಬರಕ ಸಾವಕಾಶ ಆರ್ತು, ಹರಳು ದೊಡ್ಡವಾದ್ವು. ಕಣ್ಣಿಗಿಂತ ಬೆರಳಿಗೆ ಇದು ಲಗೂ ತಿಳೀತೈತಿ."

ಎಲ್ಲರೂ ಸರದಿಯಲ್ಲಿ ಕಣ್ಣು ಮುಚ್ಚಿ ಸವರಿದೆವು. ಗಿರೀಶ ಎರಡು ಸಲ ಸವರಿದ.

ಊಟವಾದ ಮೇಲೆ ಮೋಡ ಕವಿಯಿತು. ಮಳೆ ಬರುವ ಮುಂಚೆ ಆಚೆ ಬದಿಯ ಬಂಡೆಯನ್ನೂ ತೋರಿಸಬೇಕೆಂದು ಮೇಡಂ ಅವಸರ ಮಾಡಿದರು. ಡಬ್ಬಿ ತೊಳೆಯಲು ಹೋಗಿದ್ದ ನಾನು ಗುಂಪಿನ ಹಿಂದೆ ಉಳಿದೆ. ಮೇಡಂ ಎಲ್ಲರಿಗಿಂತ ಮುಂದೆ, ನಮ್ಮ ಕಡೆ ಮುಖ ತಿರುಗಿಸಿಕೊಂಡು, ಏನೋ ವಿವರಿಸುತ್ತ ಅಡ್ಡಡ್ಡ ನಡೆಯುತ್ತಿದ್ದರು. ಹುಡುಗರೆಲ್ಲ ಟಿಪ್ಪಣಿ ಬರೆದುಕೊಳ್ಳುತ್ತ, ತಲೆ ತಗ್ಗಿಸಿ, ಅವರ ದನಿಯ ಹಿಂದೆ ಹೋಗುತ್ತಿದ್ದರು. ದಾರಿ ಬಲಕ್ಕೆ ತಿರುಗುತ್ತಿತ್ತು. ಮೇಡಂ ತಿರುಗಲಿಲ್ಲ. ಅವರು ನೇರವಾಗಿ ನಡೆಯುತ್ತಿದ್ದದ್ದು ಕ್ವಾರಿಯ ಬಾಯಿಗೆ.

"ಮೇಡಂ!" ಎಂದು ಕಿರುಚಿದೆ. ಬೇರೆ ಯಾರೋ ತಂಟೆ ಮಾಡುತ್ತಿದ್ದಾರೆ ಅಂದುಕೊಂಡರೋ ಏನೋ, "ಗದ್ದಲ ಮಾಡಬ್ಯಾಡ್ರಿ," ಎಂದು ಇನ್ನೊಂದು ಹೆಜ್ಜೆ ಹಾಕಿದರು. ಓಡಿಹೋಗಿ ಅವರ ಚೀಲದ ಪಟ್ಟಿ ಹಿಡಿದು ಜಗ್ಗಿದೆ. ಇಬ್ಬರೂ ಹಿಂದಕ್ಕೆ ಬಿದ್ದೆವು. ಅವರ ಕಾಲಡಿಯಿಂದ ಹಾರಿದ ಜಲ್ಲಿಕಲ್ಲುಗಳು ಕೆಳಗೆ ನೀರಿಗೆ ಬಿದ್ದ ಸದ್ದು ತಡವಾಗಿ ಕೇಳಿಸಿತು.

ಗಿರೀಶ ಬಂದು ಅವರನ್ನು ಎಬ್ಬಿಸಿ ಕೂರಿಸಿದ. "ಏನಾಯ್ತು ಮೇಡಂ? ಕಾಣಿಸ್ಲಿಲ್ವಾ?"

"ಕಾಲ್ ಜಾರ್ತಪಾ," ಎಂದರು.

ನಾವೆಲ್ಲ ಒಪ್ಪಿಕೊಂಡೆವು. ಒಬ್ಬಳು ನೀರು ಕೊಟ್ಟಳು. ಯಾರೋ ಅವರ ಜರ್ಕಿನ್ನಿಗೆ ಹತ್ತಿದ ಮಣ್ಣು ಕೊಡವಿದರು. ಮಾತು ಅಲ್ಲಿಗೇ ಮುಗಿಯಬಹುದಿತ್ತು. ಮೇಡಂ ನೀರು ಕುಡಿಯಲಿಲ್ಲ. ಕ್ವಾರಿಯ ಅಂಚಿನ ಕಡೆ ಮುಖ ಮಾಡಿ, ತಲೆಯನ್ನು ನಿಧಾನವಾಗಿ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ ನೋಡಿದರು. ಆಮೇಲೆ ಅದೇ ರೀತಿ ತಲೆ ತಿರುಗಿಸಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಸುಳ್ಳ ಹೇಳ್ದೆ," ಎಂದರು. "ಕಾಲ್ ಜಾರ್ಲಿಲ್ಲ. ನನಗ ಕಾಣ್ಲಿಲ್ಲ. ಎಲ್ಲಾರೂ ಕೂಡ್ರಿ."

ಕೂತೆವು. ಕಲ್ಲಿನ ಬಗ್ಗೆ ಹೇಳುವ ದನಿಯಲ್ಲೇ ತಮ್ಮ ಕಣ್ಣಿನ ಬಗ್ಗೆ ಹೇಳಿದರು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ಬರುವ ಕಾಯಿಲೆ. ನಡುವೆ ಮಾತ್ರ ಚೆನ್ನಾಗಿ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಬೆಳಕು ಕಮ್ಮಿಯಾದರೆ ಅದೂ ಇಲ್ಲ. ಔಷಧಿಯಿಲ್ಲ. ಕೊಳವೆ ಸಣ್ಣದಾಗುತ್ತ ಹೋಗುತ್ತದೆ, ಒಂದು ದಿನ ಮುಚ್ಚುತ್ತದೆ.

"ಯಾರಿಗೂ ಹೇಳಿರ್ಲಿಲ್ಲ. ಫೀಲ್ಡ್ ಬಿಡಸ್ತಾರ ಅಂತ ಹೇಳ್ಲಿಲ್ಲ. ನಾ ಬಿದ್ದಿದ್ರ ಬಿದ್ದಿದ್ದೆ, ಹೋಗ್ಲಿ. ನನ್ನ ಹಿಂದ ನೀವು ಬರಾಕತ್ತಿದ್ರಿ. ಒಬ್ಬರೂ ತಲಿ ಎತ್ತಿ ನೋಡ್ಲಿಲ್ಲ. ಯಾಕಂದ್ರ ಮುಂದ ನಾ ಇದ್ನಲ್ಲ."

ಗಿರೀಶ ಅಳುತ್ತಿದ್ದ. ಧಿಮಾಕು ಎಂಬ ಮಾತು ಅವನಿಗೆ ನೆನಪಾಗಿರಬೇಕು. ನಮಗೆಲ್ಲರಿಗೂ ನೆನಪಾಗಿತ್ತು.

"ನಾವ್ ಯಾರಿಗೂ ಹೇಳಲ್ಲ ಮೇಡಂ. ಪ್ರಾಮಿಸ್," ಎಂದ ಅವನು.

"ನೀವು ಹೇಳಬ್ಯಾಡ್ರಿ. ಸೋಮವಾರ ಪ್ರಿನ್ಸಿಪಾಲರಿಗೆ ನಾನ ಹೇಳ್ತೀನಿ."

ವ್ಯಾನಿನಲ್ಲಿ ಬರುವಾಗ ಮಳೆ ಹಿಡಿಯಿತು. ಮೇಡಂ ಮುಂದಿನ ಸೀಟಿನಲ್ಲಿ ಕೂತು ಗಾಜಿನ ಮೇಲೆ ಓಡಾಡುವ ವೈಪರಿನ ಕಡೆಗೆ ಮುಖ ಮಾಡಿಕೊಂಡಿದ್ದರು. ಅವರಿಗೆ ಅದು ಕಾಣುತ್ತಿತ್ತೋ ಇಲ್ಲವೋ.

ಹೇಳಿದ ಹಾಗೆ ಸೋಮವಾರ ಹೋಗಿ ಹೇಳಿದರು. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯರು. ಕುರ್ಚಿ ಎಳೆದು ಕೂರಿಸಿ ಮಾತಾಡಿದರಂತೆ. ಆ ವರ್ಷ ಮುಗಿಯುವವರೆಗೂ ಕ್ಲಾಸಿನೊಳಗಿನ ಪಾಠ ಅವರಿಗೇ ಬಿಟ್ಟರು. ಮೇಡಂ ಕಾಯಂ ನೌಕರರಲ್ಲ, ಪ್ರತಿ ವರ್ಷ ಆದೇಶ ಹೊಸದಾಗಿ ಬರಬೇಕು. ಮುಂದಿನ ವರ್ಷ ಬರಲಿಲ್ಲ. ಯಾರ ಮೇಲೂ ಸಿಟ್ಟಾಗಲು ಸಾಧ್ಯವಿಲ್ಲದ ಹಾಗೆ, ಎಲ್ಲರೂ ಮೆತ್ತಗೆ ಮಾತಾಡುತ್ತಿರುವಾಗಲೇ, ಅವರ ಕೆಲಸ ಹೋಯಿತು.

ನಾನು ಬೈಕ್ ತೆಗೆದುಕೊಂಡೆ. ಮೇಡಂ ಫೋನಿನಲ್ಲಿ ಅಪ್ಪನ ಹತ್ತಿರ ಏನು ಹೇಳಿದರೋ ಗೊತ್ತಿಲ್ಲ. ಅಪ್ಪ ಫೋನಿಟ್ಟು, "ಏನಮ್ಮಾ, ನಿಮ್ ಮೇಡಂ ನನ್ನೇ ಬೈದ್ಬಿಟ್ರು," ಎಂದು ನಕ್ಕರು. ಪೂಜೆ ಮಾಡಿಸಿಕೊಂಡು ಮೊದಲು ಬಾಗಲಗುಂಟೆಗೇ ಹೋದೆ. ಮೆಟ್ಟಿಲ ಕೆಳಗೆ ಅವರ ಗಂಡನ ಬೈಕ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಮೇಡಂ ಕೆಳಗಿಳಿದು ಬಂದು ನನ್ನ ಗಾಡಿಯ ಹ್ಯಾಂಡಲ್ ಹಿಡಿದು ನೋಡಿದರು, ಚಲೋ ಐತಿ ಅಂದರು, ಮೇಲೆ ಕರೆದು ಚಹಾ ಕೊಟ್ಟರು. ತಮ್ಮ ಬೈಕಿನ ಮಾತು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹೋಗಿಬರುತ್ತಿದ್ದೆ. ಪ್ರತಿ ಸಲವೂ ಕೊಳವೆ ಇನ್ನಷ್ಟು ಕಿರಿದಾಗಿರುತ್ತಿತ್ತು. ಮೊದಲು ಟಿವಿ ಬಿಟ್ಟರು, ಆಮೇಲೆ ಪೇಪರ್. ಊರಿನಿಂದ ತಂಗಿ ಬಂದು ಜೊತೆಗಿದ್ದರು. ನನಗೆ ಕೆಲಸ ಸಿಕ್ಕಿತು. ನೆಲದಡಿ ಸುರಂಗ ಹೋಗಬೇಕಾದ ಕಡೆ ಮೊದಲೇ ಕೊರೆದು, ಕೆಳಗೆ ಯಾವ ಕಲ್ಲಿದೆ ಎಂದು ನೋಡುವ ಒಂದು ಸಣ್ಣ ಕಂಪನಿ. ಆ ಸುದ್ದಿ ಕೇಳಿ ಮೇಡಂ ಎಷ್ಟೋ ದಿನಗಳ ಮೇಲೆ ಜೋರಾಗಿ ನಕ್ಕರು.

"ಹೆಬ್ಬಾಳದ ಕೆಳಗ ಏನೈತವಾ? ಎಷ್ಟ ಸಲ ಅದರ ಮ್ಯಾಲ ಹಾದು ಹೋಗೀನಿ. ನನಗೂ ಒಮ್ಮೆ ತೋರ್ಸು."

ತೋರಿಸು ಎಂಬ ಮಾತನ್ನೇ ಬಳಸಿದರು. ಆ ಹೊತ್ತಿಗೆ ಅವರಿಗೆ ಹಗಲು ರಾತ್ರಿಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು.

ನಮ್ಮ ಸಾಹೇಬರ ಒಪ್ಪಿಗೆ ಪಡೆದು ಒಂದು ಭಾನುವಾರ ಕರೆದುಕೊಂಡು ಹೋದೆ. ಬೈಕಿನ ಹಿಂದೆ ಕೂರುವ ಧೈರ್ಯ ಅವರಲ್ಲಿ ಉಳಿದಿರಲಿಲ್ಲ, ಆಟೊದಲ್ಲಿ ಹೋದೆವು. ಹೆಬ್ಬಾಳದ ಆಚೆ ತಗಡಿನ ಶೆಡ್ಡು. ಒಳಗೆ ಉದ್ದುದ್ದ ಪೆಟ್ಟಿಗೆಗಳಲ್ಲಿ ನೆಲದಿಂದ ಕೊರೆದು ತೆಗೆದ ಕಲ್ಲಿನ ದಿಂಡುಗಳನ್ನು ಮೇಲಿನಿಂದ ಕೆಳಗೆ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ಮಲಗಿಸಿರುತ್ತೇವೆ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಪ್ಪು ಕಲ್ಲಿನ ಒಂದು ಮುರಿದ ತುಂಡನ್ನು ಕೈಗಿತ್ತೆ.

ಬೆರಳಿನಿಂದ ಸವರಿದರು. ತಿರುಗಿಸಿ ಮತ್ತೆ ಸವರಿದರು. ಬಾಟಲಿಯ ನೀರು ಕೇಳಿ ಇಸಿದುಕೊಂಡು ಒದ್ದೆ ಮಾಡಿದರು. ಮುಖದಲ್ಲಿ ಹಳೆಯ ಲ್ಯಾಬಿನ ಕಳೆ ಬಂದಿತ್ತು.

"ನುಣ್ಣಗೈತಿ. ಅಂಚಿನ ತುಂಡು. ಹೌದಿಲ್ಲೋ?"

ಅದು ಅಂಚಿನದಲ್ಲ. ಹರಳುಗಳು ಅಕ್ಕಿಕಾಳಿನಷ್ಟು ದಪ್ಪಗೆ ನನ್ನ ಕಣ್ಣಿಗೆ ಕಾಣುತ್ತಿದ್ದವು. ಸಕ್ಕರೆ ಕಾಯಿಲೆಯಿಂದ ಮೇಡಂಗೆ ಪಾದ ಜೋಮು ಹಿಡಿಯುತ್ತದೆ ಅಂತ ಅವರ ತಂಗಿ ಹೇಳಿದ್ದರು. ಆ ಜೋಮು ಕೈಗೂ ಬಂದದ್ದನ್ನು ಯಾರೂ ಹೇಳಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲವೋ ಏನೋ. ಹೌದು ಅಂದುಬಿಟ್ಟರೆ ಆಗುತ್ತಿತ್ತು. ಬಾಯಿಗೂ ಬಂದಿತ್ತು. ಆದರೆ ಅವರು ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಕಾಯುತ್ತಿದ್ದ ಹಾಗೇ, ತಲೆ ತುಸು ಓರೆ ಮಾಡಿಕೊಂಡು ಕಾಯುತ್ತಿದ್ದರು.

"ಇಲ್ಲ ಮೇಡಂ. ನಡುವಿನದು. ತರಿ ಇದೆ."

ಮೇಡಂ ಕಲ್ಲನ್ನು ಕೆನ್ನೆಗೆ ಒತ್ತಿಕೊಂಡರು. ಕೆನ್ನೆಗೆ ತಿಳಿಯಿತೋ ಏನೋ, ನಿಧಾನವಾಗಿ ತಲೆಯಾಡಿಸಿದರು. ಎರಡೂ ಕೈಗಳ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. ಶೆಡ್ಡಿನ ಹೊರಗೆ ವಿಮಾನ ನಿಲ್ದಾಣದ ರಸ್ತೆಯ ಗಾಡಿಗಳ ಸದ್ದು ಒಂದೇ ಸಮ ಕೇಳುತ್ತಿತ್ತು.

"ಇದೂ ಹೋತು," ಎಂದರು. ಕಲ್ಲನ್ನು ನನ್ನ ಕಡೆ ಚಾಚಿದರು. "ಹಂಗಾರ ನೀ ನೋಡಿ ಹೇಳು. ನಾ ಕೇಳ್ತೀನಿ. ಮ್ಯಾಲಿಂದ ಸುರು ಮಾಡು."

ಮೊದಲ ಪೆಟ್ಟಿಗೆಯಿಂದ ಹೇಳತೊಡಗಿದೆ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಕೈಯಲ್ಲಿ ಪುಡಿಯಾಗುವ ಕೊಳೆತ ಕಲ್ಲು. ಅದರ ಕೆಳಗೆ ಬೂದು ಬಂಡೆ, ಗುಲಾಬಿ ಎಳೆ ಓರೆಯಾಗಿ ಹೋಗಿದೆ. ಒಂದು ಬಿರುಕು, ಬಿರುಕಿನಲ್ಲಿ ತುಕ್ಕಿನ ಬಣ್ಣ. ನೀರು ಓಡಾಡಿದೆ ಅಂದೆ. "ನೀ ಕಂಡದ್ದಷ್ಟ ಹೇಳು," ಎಂದು ತಡೆದರು. ತುಕ್ಕಿನ ಬಣ್ಣ ಇದೆ ಎಂದು ತಿದ್ದಿಕೊಂಡೆ. ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೇಳುತ್ತಿದ್ದರು. ನಾನು ನಿಲ್ಲಿಸಿದಾಗಲೆಲ್ಲ, "ಅದರ ಕೆಳಗ?" ಅನ್ನುತ್ತಿದ್ದರು. ಕಪ್ಪು ಕಲ್ಲು ಬಂತು, ಹೋಯಿತು. ಮತ್ತೆ ಬೂದು ಬಂಡೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಸ್ಟೂಲು ಸರಿಸಿಕೊಂಡು ಹೋದೆವು. ಕೊನೆಯ ಪೆಟ್ಟಿಗೆಯ ಕೊನೆಯ ತುಂಡನ್ನೂ ಹೇಳಿ ಮುಗಿಸಿದೆ.

"ಅದರ ಕೆಳಗ?"

"ಗೊತ್ತಿಲ್ಲ ಮೇಡಂ," ಎಂದೆ. "ಅಷ್ಟೇ ಕೊರೆದಿರೋದು."